ಹಸಿ ಮಾಲಿನ ಕಡಿತ

ನನ್ನ ಲಿವರಿನ ಬಲಭಾಗವನ್ನು ಕತ್ತರಿಸಿ ಅಣ್ಣನ ಹೊಟ್ಟೆಯೊಳಗೆ ಕೂರಿಸಿದ ಆರನೆಯ ವಾರಕ್ಕೆ ನಾವಿಬ್ಬರೂ ದೊಡ್ಡಾಸ್ಪತ್ರೆಯ ಊರಿನಿಂದ ಬ್ಯಾಡಗಿಗೆ ಮರಳಿದೆವು. ಅಣ್ಣನ ಬಲಪಕ್ಕೆಯಿಂದ ಒಂದು ನಳಿಕೆ ಹೊರಗೆ ಬಂದಿತ್ತು. ಪೆನ್ಸಿಲ್ಲಿಗಿಂತ ತೆಳ್ಳಗಿನದು, ಎರಡು ಹೊಲಿಗೆ ಹಾಕಿ ಚರ್ಮಕ್ಕೆ ಬಿಗಿದದ್ದು. ಅದರ ತುದಿಗೊಂದು ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಹನಿಹನಿಯಾಗಿ ಪಿತ್ತ ಇಳಿಯುತ್ತಿತ್ತು. ಚೀಲ ಅಣ್ಣನ ಸೊಂಟದಲ್ಲಿತ್ತು. ಪಿತ್ತವನ್ನು ತಯಾರಿಸುತ್ತಿದ್ದದ್ದು ನನ್ನ ಲಿವರು. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು. ಈಗಲೂ ಪೂರ್ತಿ ಒಪ್ಪಿಕೊಂಡಿದ್ದೇನೆಂದು ಹೇಳಲಾರೆ.

ನಳಿಕೆ ಯಾಕೆ ಎಂಬುದನ್ನು ಶಸ್ತ್ರವೈದ್ಯರು ಒಂದು ಕಾಗದದ ಮೇಲೆ ಗೀಚಿ ತೋರಿಸಿದ್ದರು. ಲಿವರಿನಲ್ಲಿ ಹುಟ್ಟಿದ ಪಿತ್ತ ಒಂದು ಸಣ್ಣ ನಾಳದ ಮೂಲಕ ಕರುಳಿಗೆ ಹೋಗಬೇಕು. ನನ್ನ ತುಂಡಿನಲ್ಲಿ ಒಂದರ ಬದಲು ಎರಡು ನಾಳಗಳ ಬಾಯಿ ಇದ್ದವು, ಒಂದೊಂದೂ ಗೋಧಿಕಾಳಿನಷ್ಟು ದಪ್ಪ. ಅವೆರಡನ್ನೂ ಅಕ್ಕಪಕ್ಕ ಹೊಲಿದು ಒಂದೇ ಬಾಯಿ ಮಾಡಿ ಅಣ್ಣನ ನಾಳಕ್ಕೆ ಜೋಡಿಸಿದ್ದರು. ಹೊಲಿಗೆ ಮಾಯುವ ತನಕ ಪಿತ್ತ ಅಲ್ಲಿ ಒತ್ತಿ ನಿಲ್ಲಬಾರದು. ನಿಂತರೆ ಸೋರಬಹುದು. ಮುಂದೆ ಆ ಜೋಡಣೆ ಕಿರಿದಾಗಿ ಮುಚ್ಚಿಕೊಳ್ಳಲೂಬಹುದು. ಅದಕ್ಕಾಗಿ ಜೋಡಣೆಯ ಒಳಗಿನಿಂದ ನಳಿಕೆಯನ್ನು ಹಾಯಿಸಿ, ತೆಗೆದುಹಾಕಿದ ಪಿತ್ತಕೋಶದ ಉಳಿದ ಮೊಂಡು ನಾಳದಿಂದ ಹೊರಗೆ ತಂದಿದ್ದರು.

"ಕೆಲವರು ನಳಿಕೆ ಇಡೋದೇ ಇಲ್ಲ. ಕೆಲವರು ಒಳಗೇ ಕರುಳಿಗೆ ಬಿಡ್ತಾರೆ. ನಾನು ಹೊರಗೆ ತರ್ತೀನಿ, ಕಣ್ಣಿಗೆ ಕಾಣುತ್ತೆ" ಎಂದಿದ್ದರು. ಮೂರು ತಿಂಗಳು ಅದು ಇರಬೇಕು. ಪ್ರತಿದಿನ ಬೆಳಿಗ್ಗೆ ಪಿತ್ತ ಎಷ್ಟು ಬಂತು, ಯಾವ ಬಣ್ಣ ಎಂಬುದನ್ನು ಫೋನಿನಲ್ಲಿ ತಿಳಿಸಬೇಕು.

ಎಷ್ಟು ಬಂತು, ಯಾವ ಬಣ್ಣ. ಬ್ಯಾಡಗಿಯವರನ್ನು ಈ ಎರಡು ಪ್ರಶ್ನೆ ಕೇಳಬಾರದಿತ್ತೆಂದು ಈಗ ಅನ್ನಿಸುತ್ತದೆ.

ನಮ್ಮ ತವರಿನದು ಒಣಮೆಣಸಿನಕಾಯಿಯ ದಲಾಲಿ ಅಂಗಡಿ. ರೈತರು ತಂದ ಚೀಲಗಳನ್ನು ಇಳಿಸಿಕೊಂಡು, ಖರೀದಿದಾರರಿಗೆ ಮಾಲು ತೋರಿಸಿ, ತೂಗಿಸಿ ಕೊಡುವುದು ಅಣ್ಣನ ಕೆಲಸ. ನಾನು ಮದುವೆಯಾಗಿ ರಾಣೇಬೆನ್ನೂರಿಗೆ ಹೋದವಳು. ಅಲ್ಲಿ ಬೀಜ ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ನೌಕರಿ. ನೂರು ಬೀಜ ಎಣಿಸಿ, ಒದ್ದೆ ಕಾಗದದ ಮೇಲೆ ಸಾಲಾಗಿ ಇಟ್ಟು, ಎಷ್ಟು ಮೊಳೆತವೆಂದು ಬರೆಯುವುದು. ರಾಣೇಬೆನ್ನೂರಿನ ನಮ್ಮ ಮನೆ ಎರಡನೆಯ ಮಹಡಿಯಲ್ಲಿದೆ, ಮೆಟ್ಟಿಲು ಬಹಳ ಕಡಿದು. ಹೊಟ್ಟೆಯ ಗಾಯ ಮಾಯುವವರೆಗೆ ಹತ್ತಿಳಿಯುವುದು ಬೇಡವೆಂದು ಅಣ್ಣನ ಹೆಂಡತಿ, ನಮ್ಮ ವೈನಿ, ನನ್ನನ್ನೂ ಉಳಿಸಿಕೊಂಡರು.

"ಇಬ್ಬರಿಗೂ ಒಂದ ಪಥ್ಯ. ಒಂದ ಲಿವರ್ ಹಂಚಿಕೊಂಡ ಮ್ಯಾಲೆ ಎರಡ ಒಲಿ ಯಾಕ ಹಚ್ಚಲಿ?" ಎಂದರು.

ಊರಿನ ಗಾಳಿಯಲ್ಲಿ ಸುಗ್ಗಿಯ ಘಾಟು ಇತ್ತು. ವೈದ್ಯರು ಮುಖಕ್ಕೆ ಮಾಸ್ಕ್ ಹಾಕಿಕೊಳ್ಳಿ, ಕಿಟಕಿ ಮುಚ್ಚಿ ಎಂದಿದ್ದರು. ಹಾಕಿದೆವು, ಮುಚ್ಚಿದೆವು. ಆದರೂ ದಿನಕ್ಕೆ ನಾಲ್ಕೈದು ಸಲ ಸೀನು ಬರುತ್ತಿತ್ತು. ಸೀನಿದರೆ ಹೊಟ್ಟೆ ಹರಿದಂತಾಗುತ್ತದೆ. ಆದ್ದರಿಂದ ಸೀನುವ ಮೊದಲು ದಿಂಬನ್ನು ಗಾಯಕ್ಕೆ ಒತ್ತಿ ಹಿಡಿದುಕೊಳ್ಳಬೇಕೆಂದು ನಮಗೆ ಕಲಿಸಿದ್ದರು. ಪಡಸಾಲೆಯಲ್ಲಿ ಅಣ್ಣ, ನಡುಮನೆಯಲ್ಲಿ ನಾನು, ಇಬ್ಬರೂ ಒಂದೊಂದು ದಿಂಬು ಅಪ್ಪಿಕೊಂಡು ಕೂತಿರುತ್ತಿದ್ದೆವು. ಒಬ್ಬರು ಸೀನಿದರೆ ಇನ್ನೊಬ್ಬರು ಗಾಬರಿಯಿಂದ ತಮ್ಮ ದಿಂಬು ಒತ್ತಿಕೊಳ್ಳುವುದು.

ಮೊದಲ ಬೆಳಿಗ್ಗೆ ಚೀಲದ ಕೆಳಗಿನ ತೂಬನ್ನು ಬಿಚ್ಚಿದಾಗ ನಾನು ಎದುರಿಗೇ ಇದ್ದೆ. ಹಸಿರು ಬೆರೆತ ಕಂದು ದ್ರವ ಸ್ಟೀಲ್ ಡಬರಿಗೆ ಇಳಿಯಿತು. ಅದರ ಮೇಲೆ ಉಗಿ ಇರಲಿಲ್ಲ, ಆದರೆ ಡಬರಿಯ ಹೊರಮೈ ಮುಟ್ಟಿದರೆ ಬೆಚ್ಚಗಿತ್ತು. ಆ ಬಿಸುಪಿಗೆ ನನಗೆ ಕಣ್ಣು ಕತ್ತಲೆ ಬಂದು ನೆಲಕ್ಕೆ ಕೂತೆ. ಅಂದಿನಿಂದ ಅಳತೆಯ ಹೊತ್ತಿಗೆ ನಾನು ಪಡಸಾಲೆಗೆ ಬರಕೂಡದೆಂದು ವೈನಿ ಆಜ್ಞೆ ಮಾಡಿದರು. ನಾನು ಒಳಗಿನಿಂದಲೇ ಕೇಳಿಸಿಕೊಳ್ಳುತ್ತಿದ್ದೆ.

ಚೀಲದ ಮೇಲೆ ಗೆರೆಗಳಿದ್ದವು. ಅಣ್ಣ ಅವನ್ನು ನಂಬಲಿಲ್ಲ. "ಚೀಲ ಉಬ್ಬಿದ್ರ ಒಂದ ಲೆಕ್ಕ, ಸೊಟ್ಟಾದ್ರ ಒಂದ ಲೆಕ್ಕ. ಇದೇನ ಗೆರಿ?" ಎಂದು ಅಂಗಡಿಯಿಂದ ಸ್ಯಾಂಪಲ್ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ತರಿಸಿದ. ಡಬರಿಯ ತೂಕ ಕಳೆದು ಉಳಿದದ್ದನ್ನು ಹೇಳುವುದೆಂದಾಯಿತು. ಪಿತ್ತದ ಒಂದು ಗ್ರಾಂ ಹೆಚ್ಚುಕಡಿಮೆ ಒಂದು ಮಿಲಿಲೀಟರ್. ಅದು ಸರಿಯಾದ ಕ್ರಮವೇ. ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆ. ಹಾಗಾಗಿ ನಾನು ಮತ್ತೆ ವಿಚಾರಿಸಲಿಲ್ಲ. ಇದು ನನ್ನ ತಪ್ಪು.

ಬಣ್ಣದ್ದು ಬೇರೆ ಕಥೆ. ಆಸ್ಪತ್ರೆಯ ಸಿಸ್ಟರ್ ಫೋನಿನಲ್ಲಿ ಕೇಳುತ್ತಿದ್ದರು: "ಹಳದಿ, ಹಸಿರು, ಕಂದು. ಮೂರರಲ್ಲಿ ಒಂದು ಹೇಳಿ ಸರ್."

"ಮೂರರಾಗ ಹೆಂಗ ಹೇಳಲ್ರಿ ಸಿಸ್ಟರ್? ಬಿಸಲಾಗಿಂದೋ ನೆಳ್ಳಾಗಿಂದೋ?"

"ಯಾವುದಾದ್ರೂ ಸರಿ ಸರ್."

"ಯಾವುದಾದ್ರೂ ಅಂದ್ರ? ಬಿಸಲಾಗ ಎಲ್ಲಾ ಮಾಲು ಚೊಲೋನ ಕಾಣತೈತ್ರಿ."

ಮರುದಿನ ಅಣ್ಣ ಚಾಚಾನನ್ನು ಕರೆಸಿದ. ಚಾಚಾ ಅಪ್ಪನ ಕಾಲದಿಂದ ನಮ್ಮ ಅಂಗಡಿಯಲ್ಲಿದ್ದವರು, ಈಗ ವಯಸ್ಸಾಗಿ ಮನೆಯಲ್ಲಿದ್ದಾರೆ. ಒಂದು ಹಿಡಿ ಕಾಯಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಬೀಜದ ಸಪ್ಪಳ ಕೇಳಿ, ಒಂದನ್ನು ಮುರಿದು ಮೂಸಿ, ಎಷ್ಟು ಹಸಿ ಎಷ್ಟು ಒಣ ಎಂದು ಹೇಳುವವರು. ಖರೀದಿದಾರರು ತೇವ ಅಳೆಯುವ ಯಂತ್ರ ತಂದಮೇಲೂ ಮೊದಲು ಅವರ ಮುಖ ನೋಡುತ್ತಿದ್ದರಂತೆ. ಅವರು ಬಂದು, ಕೈತೊಳೆದು, ಮಾಸ್ಕ್ ಹಾಕಿಕೊಂಡು, ಅಂಗಳದಲ್ಲಿ ಮೂಡಣಕ್ಕೆ ಬೆನ್ನು ಮಾಡಿ ಕೂತು, ಬಿಳಿಯ ಪಿಂಗಾಣಿ ಬಟ್ಟಲಿನಲ್ಲಿ ನನ್ನ ಪಿತ್ತವನ್ನು ಓರೆಮಾಡಿ ನೋಡಿದರು. ಇದನ್ನು ನಾನು ಕಿಟಕಿಯ ಸಂದಿಯಿಂದ ಕಂಡೆ.

"ಬಣ್ಣ ಐತಿ" ಎಂದರು ಚಾಚಾ. ನಮ್ಮೂರಿನಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. "ಯಾರ ಹೊಲದ ಮಾಲು ಇದು? ತಂಗೀದೋ, ನಿಂದೋ?"

"ಹೊಲ ಆಕೀದು" ಎಂದ ಅಣ್ಣ.

"ಅಂದ್ರ ಪಾಲಿಗೆ ಹಚ್ಚಿದ ಹೊಲ. ದುಡಿಯಾಂವ ನೀನು, ಪೀಕು ದವಾಖಾನಿಗೆ. ಶಭಾಷ್ ಸಾವ್ಕಾರ!"

ಆಮೇಲೆ ಅದು ಪೇಟೆಯ ಪದ್ಧತಿಗೇ ತಿರುಗಿತು. ಖರೀದಿದಾರರು ಒಬ್ಬರಿಗೊಬ್ಬರು ತೋರಿಸದೆ ಬರೆದುಕೊಡುವ ಹಾಗೆ, ಅಣ್ಣ, ವೈನಿ, ಚಾಚಾ ಮೂವರೂ ಕ್ಯಾಲೆಂಡರಿನ ಹರಿದ ಚೀಟಿಗಳ ಹಿಂದೆ ಬಣ್ಣ ಬರೆದು ಮಡಚಿ ಇಡುತ್ತಿದ್ದರು. ತೆರೆದು ಓದುತ್ತಿದ್ದವರು ವೈನಿ. ಅಣ್ಣ "ಹಳೇ ಬೆಲ್ಲ" ಎಂದು ಬರೆದಿರುತ್ತಿದ್ದ, ಚಾಚಾ "ಗಾಣದ ಶೇಂಗಾ ಎಣ್ಣಿ" ಎಂದು, ವೈನಿ "ಕಂದು" ಎಂದು. ಮೂವರಲ್ಲಿ ಸಿಸ್ಟರಿಗೆ ಬೇಕಾದ ಉತ್ತರ ಬರೆಯುತ್ತಿದ್ದವರು ವೈನಿ ಒಬ್ಬರೇ. ಅವರ ಚೀಟಿಯನ್ನು ಇಬ್ಬರೂ ಗಣನೆಗೆ ತೆಗೆದುಕೊಳ್ಳುತ್ತಿರಲಿಲ್ಲ.

ಚಾಚಾ ಬಂದ ಮೊದಲ ದಿನದ ಅಂಕಿ ಇನ್ನೂರ ಎಂಬತ್ತು. ಅಣ್ಣ ಹೇಳಿದ್ದನ್ನು ವೈನಿ ನೋಟುಬುಕ್ಕಿನಲ್ಲಿ ಬರೆದು ಜೋರಾಗಿ ಓದುತ್ತಿದ್ದರು, ನನಗೂ ಕೇಳಲಿ ಎಂದು. ಒಂದು ವಾರದ ಮೇಲೆ ಅದು ಇನ್ನೂರ ನಲವತ್ತಾಯಿತು. ಆಮೇಲೆ ಇನ್ನೂರ ಹತ್ತು. ನೂರ ತೊಂಬತ್ತು. ಇಳಿಯುತ್ತಲೇ ಹೋಯಿತು.

ನಾನು ಒಳಗೆ ಕೂತು ಈ ಅಂಕಿಗಳನ್ನು ಕೇಳುತ್ತಿದ್ದೆ. ಮೊಳಕೆ ಬಾರದ ಬೀಜಕ್ಕೆ ನಾವು ಪ್ರಯೋಗಾಲಯದಲ್ಲಿ ಒಂದು ಗುರುತು ಹಾಕುತ್ತೇವೆ. ಆ ಗುರುತು ನನ್ನ ತಲೆಯಲ್ಲಿ ಸುಳಿಯತೊಡಗಿತು. ಶಸ್ತ್ರಚಿಕಿತ್ಸೆಗೆ ಮೊದಲು ನನಗೆ ಹತ್ತಾರು ಪರೀಕ್ಷೆ ಮಾಡಿ, ಲಿವರು ಚೆನ್ನಾಗಿದೆ ಎಂದಿದ್ದರು. ಚೆನ್ನಾಗಿದ್ದದ್ದು ನನ್ನೊಳಗೆ. ಅಣ್ಣನೊಳಗೆ ಹೋದದ್ದು ದಿನದಿಂದ ದಿನಕ್ಕೆ ಸೋಮಾರಿಯಾಗುತ್ತಿದೆ ಎಂದರೆ, ನಾನು ಕೊಟ್ಟದ್ದೇ ಕಳಪೆಯೇನೋ. ಊಟಕ್ಕೆ ಕೂತಾಗ ಅಣ್ಣನ ಕಣ್ಣನ್ನು ಕದ್ದು ನೋಡುತ್ತಿದ್ದೆ, ಹಳದಿ ತಿರುಗಿದೆಯೇ ಎಂದು. ಅವನು ಅದನ್ನು ಗಮನಿಸಿ, "ನೋಡಬ್ಯಾಡ ತಂಗೀ, ತುತ್ತ ಇಳಿಯೂದಿಲ್ಲ" ಎನ್ನುತ್ತಿದ್ದ. ಅವನೂ ಹೆದರಿದ್ದ. ರೊಟ್ಟಿ ಅರ್ಧ ಬಿಡುತ್ತಿದ್ದ.

ಬಣ್ಣವೂ ಇಳಿದಿತ್ತು. ಚಾಚಾ ದಿನವೂ ಬಟ್ಟಲು ಓರೆಮಾಡಿ ತಲೆಯಾಡಿಸುತ್ತಿದ್ದರು. "ಹೋದ ವಾರದ ಕಸುವು ಇಲ್ಲ. ಬಣ್ಣ ಬಿಟ್ಟೈತಿ. ತೆಳ್ಳಗಾಗೇತಿ."

ಅಣ್ಣ ಅದನ್ನೇ ಫೋನಿನಲ್ಲಿ ಹೇಳಿದ: "ಬಣ್ಣ ಇಳದೈತ್ರಿ."

"ನೀರಿನ ಥರ ಆಗಿದೆಯಾ ಸರ್?" ಸಿಸ್ಟರ್ ದನಿಯಲ್ಲಿ ಆತಂಕ ಇತ್ತು.

"ನೀರಿನಂಗ ಅಲ್ರಿ. ಬಂಗಾರದಂಗ."

"ಬಂಗಾರದ ಬಣ್ಣ ಒಳ್ಳೇದು ಸರ್! ಅದೇ ಬೇಕು."

ಫೋನು ಇಟ್ಟು ಅಣ್ಣ ಚಾಚಾನ ಕಡೆ ತಿರುಗಿದ. "ಪಾಪ, ಮಾಲು ತಿಳಿಯೂದಿಲ್ಲ ಆ ಹುಡುಗಿಗೆ."

ವಾರಕ್ಕೊಮ್ಮೆ ಹಾವೇರಿಗೆ ಹೋಗಿ ರಕ್ತ ಕೊಟ್ಟು ಬರುತ್ತಿದ್ದೆವು. ಆ ವರದಿಗಳು ಚೆನ್ನಾಗಿದ್ದವು. ಅಲ್ಲಿಂದ ತೊಡಕು ಶುರುವಾಯಿತು. ರಕ್ತದ ಪ್ರಕಾರ ಲಿವರು ಕೆಲಸ ಮಾಡುತ್ತಿದೆ. ನೋಟುಬುಕ್ಕಿನ ಪ್ರಕಾರ ಪಿತ್ತ ಅರ್ಧಕ್ಕೆ ಇಳಿದಿದೆ. ಹಾಗಾದರೆ ಉಳಿದ ಪಿತ್ತ ಎಲ್ಲಿ ಹೋಗುತ್ತಿದೆ? ಕರುಳಿನ ಕಡೆಗೆ ಹರಿಯುತ್ತಿದ್ದರೆ ಸಂತೋಷ. ಹೊಟ್ಟೆಯೊಳಗೆ ಸೋರಿ ನಿಲ್ಲುತ್ತಿದ್ದರೆ ಕೇಡು. ವೈನಿ ಹಾಸಿಗೆಯ ಬಟ್ಟೆಗಳನ್ನೆಲ್ಲ ಬಿಸಿಲಿಗೆ ಹಿಡಿದು ಕಲೆ ಹುಡುಕಿದರು. ಇರಲಿಲ್ಲ. ಹಾವೇರಿಯಲ್ಲಿ ಸ್ಕ್ಯಾನಿಂಗ್ ಮಾಡಿಸಿದೆವು. ಎಲ್ಲಿಯೂ ನೀರು ನಿಂತಿರಲಿಲ್ಲ. ಸ್ಕ್ಯಾನಿಂಗ್ ಮಾಡಿದವರು ಎರಡು ಸಲ ನೋಡಿ, "ಏನೂ ಇಲ್ರಿ, ಸ್ವಚ್ಛ ಐತಿ" ಎಂದರು. ಅಣ್ಣನ ಮುಖ ಇನ್ನಷ್ಟು ಸಣ್ಣದಾಯಿತು. ಒಳಗೂ ಇಲ್ಲ, ಹೊರಗೂ ಇಲ್ಲ.

ಇಪ್ಪತ್ತಮೂರನೆಯ ದಿನ ಅಂಕಿ ನೂರ ಐವತ್ತಕ್ಕೆ ಬಂದಿತು. ಆ ದಿನ ಸಿಸ್ಟರ್ ಬದಲು ಶಸ್ತ್ರವೈದ್ಯರೇ ಮಾತಾಡಿದರು. ನಾಡಿದ್ದು ಹೊರಟು ಬನ್ನಿ ಎಂದರು. ನಳಿಕೆಯೊಳಗೆ ಔಷಧಿ ಬಿಟ್ಟು ಎಕ್ಸ್‌ರೇ ತೆಗೆದು ನೋಡಬೇಕು. ಜೋಡಣೆ ಕೆಟ್ಟಿದ್ದರೆ ಮತ್ತೆ ತೆರೆಯಬೇಕಾಗಬಹುದು. ವೈನಿ ಫೋನನ್ನು ಸ್ಪೀಕರಿಗೆ ಹಾಕಿದ್ದರು. 'ತೆರೆಯಬೇಕಾಗಬಹುದು' ಎಂಬ ಮಾತು ನಡುಮನೆಯವರೆಗೂ ಕೇಳಿತು. ಸ್ವಲ್ಪ ಹೊತ್ತಿನ ಮೇಲೆ ಅಣ್ಣ ಸೀನಿದ; ದಿಂಬು ಒತ್ತಿಕೊಳ್ಳಲು ಮರೆತಿದ್ದ.

ವೈದ್ಯರು ಕೊನೆಗೆ ನನ್ನನ್ನು ಫೋನಿಗೆ ಕರೆಸಿ ಕೇಳಿದರು: "ನೀವು ಲ್ಯಾಬಿನಲ್ಲಿ ಕೆಲಸ ಮಾಡೋದಲ್ವಾ? ನಾಳೆ ಒಂದು ದಿನ ನೀವೇ ಅಳೆದು ಹೇಳಿ."

ಗಂಡನಿಗೆ ಹೇಳಿ ರಾಣೇಬೆನ್ನೂರಿನಿಂದ ಒಂದು ಅಳತೆಯ ಗಾಜಿನ ಕೊಳವೆ ತರಿಸಿದೆ. ಹೊಸದು, ಅಂಗಡಿಯಲ್ಲಿ ಕೊಂಡದ್ದು, ಕಚೇರಿಯದಲ್ಲ. ಮರುದಿನ ಬೆಳಿಗ್ಗೆ ಕೈಗವಸು ಹಾಕಿಕೊಂಡು ಪಡಸಾಲೆಗೆ ಬಂದೆ. ಡಬರಿ ಬೆಚ್ಚಗಿತ್ತು. ಈ ಸಲ ನಾನು ಮೊದಲೇ ಕೂತುಬಿಟ್ಟಿದ್ದೆ. ಕೊಳವೆಗೆ ಸುರಿದು, ನೊರೆ ಇಳಿಯುವವರೆಗೆ ಕಾದು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ಓದಿದೆ.

"ಇನ್ನೂರ ತೊಂಬತ್ತೆರಡು."

"ಹೌದು" ಎಂದ ಅಣ್ಣ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. "ತಕ್ಕಡೀನೂ ದಿನಾ ಅಷ್ಟ ತೋರಸತೈತಿ."

ನನಗೆ ತಿಳಿಯಲಿಲ್ಲ. "ಮತ್ತ ನಿನ್ನೆ ನೂರಾ ಐವತ್ತ ಬರಿಸೀಯಲ್ಲ?"

"ಅದು ಕಡಿತ ಹೋಗಿ."

"ಏನ ಕಡಿತ?"

ಚಾಚಾ ಬಟ್ಟಲಿನಿಂದ ತಲೆಯೆತ್ತಿದರು. ಇಷ್ಟು ಓದಿದವಳು ಇದನ್ನು ಕೇಳುತ್ತಾಳಲ್ಲ ಎಂಬಂತೆ ನೋಡಿದರು. "ಹಸಿ ಮಾಲ್ ಐತಲ್ಲ ಬೇಟಿ. ಹಸಿಗೆ ಕಡಿತ ಹಾಕದ ತೂಕಾ ಹೇಳತಾರೇನು?"

ಪೇಟೆಯಲ್ಲಿ ಅದು ನಿಜ. ಮೆಣಸಿನಕಾಯಿ ತೇವ ಇದ್ದರೆ ತೂಕ ಹೆಚ್ಚು ಬರುತ್ತದೆ. ಆ ತೇವಕ್ಕೆ ಇಷ್ಟು ಎಂದು ಕಳೆದು, ಉಳಿದದ್ದೇ ಮಾಲು ಎಂದು ಹೇಳುತ್ತಾರೆ. ಕಳೆದ ಮೇಲೆ ಮೊದಲಿನ ತೂಕವನ್ನು ಯಾರೂ ನೆನಪಿನಲ್ಲಿಡುವುದಿಲ್ಲ. ಡಬರಿಯ ತೂಕ ಕಳೆದ ನಂತರ ಇವರು ಹಸಿಯ ಕಡಿತವನ್ನೂ ಕಳೆದಿದ್ದರು. ದಿನವೂ ಬಣ್ಣ ತೆಳ್ಳಗಾದಂತೆ ಹಸಿ ಹೆಚ್ಚಿತೆಂದು ತಿಳಿದು, ಚಾಚಾ ಕಡಿತವನ್ನು ಏರಿಸುತ್ತ ಹೋಗಿದ್ದರು. ಅಂದರೆ ಪಿತ್ತ ಬಂಗಾರದ ಬಣ್ಣಕ್ಕೆ ತಿರುಗಿದಷ್ಟೂ, ನನ್ನ ಲಿವರು ಅಣ್ಣನೊಳಗೆ ಹೊಂದಿಕೊಂಡಷ್ಟೂ, ನೋಟುಬುಕ್ಕಿನಲ್ಲಿ ಅವನು ಸಾಯುತ್ತ ಬಂದಿದ್ದ.

"ಚಾಚಾ," ಎಂದೆ. "ಅದು ಪೂರಾ ಹಸೀನ ಐತಿ. ಹಸಿ ತೆಗದ್ರ ಅದರಾಗ ಏನ ಉಳೀತೈತಿ?"

"ಅದಕ್ಕ ಪೂರಾ ತೆಗದಿಲ್ಲ" ಎಂದರು ಚಾಚಾ ಸಮಾಧಾನದಿಂದ. "ಅರ್ಧಾ ಬಿಟ್ಟೇನಿ."

ನಾನು ಅಣ್ಣನ ಕಡೆ ತಿರುಗಿದೆ. "ನಿನಗ ಗೊತ್ತಿತ್ತಲ್ಲ ಇದು? ಡಾಕ್ಟರು ಮತ್ತ ಹೊಟ್ಟಿ ತಗೀತೀನಿ ಅಂದ್ರಲ್ಲ, ಆವಾಗರೆ ಹೇಳಬಾರದೇನು?"

"ಏನಂತ ಹೇಳ್ಲಿ?" ಎಂದ. ಅವನ ಕಣ್ಣಲ್ಲಿ ನೀರಿತ್ತು. "ಮಾಲು ಕಮ್ಮಿ ಬರಾಕತ್ತಿದ್ದು ಖರೇನ ಅಲ್ಲೇನು? ನೀರು ತೂಗಿ ಪಿತ್ತ ಅಂತ ದವಾಖಾನಿಗೆ ಹೇಳಲೇನು? ಮೂವತ್ತ ವರ್ಷದಾಗ ಯಾರಿಗೂ ಹಂಗ ಮಾಡಿಲ್ಲ ನಾನು."

ಅವನು ಸುಳ್ಳು ಹೇಳುತ್ತಿರಲಿಲ್ಲ. ಇಪ್ಪತ್ತಮೂರು ದಿನ ಕಣ್ಣೆದುರು ಇನ್ನೂರ ತೊಂಬತ್ತನ್ನು ತೂಗಿ, ನೂರ ಐವತ್ತೆಂದು ನಂಬಿ, ಆ ನೂರ ಐವತ್ತಕ್ಕೆ ಹೆದರಿ ಊಟ ಬಿಟ್ಟಿದ್ದ.

ನನಗೆ ನಗು ಬಂದಿತು. ನಕ್ಕರೆ ಹೊಲಿಗೆ ಜಗ್ಗುತ್ತದೆ, ದಿಂಬು ಒಳಗಿತ್ತು. ಎರಡೂ ಕೈಯಿಂದ ಹೊಟ್ಟೆ ಒತ್ತಿಹಿಡಿದು ಬಗ್ಗಿದೆ. ವೈನಿ ನಾನು ಮತ್ತೆ ತಲೆಸುತ್ತಿ ಬಿದ್ದೆನೆಂದು ಓಡಿಬಂದರು. ಆಮೇಲೆ ನಾನು ಅಳುತ್ತಿದ್ದೇನೆಂದು ನನಗೇ ಗೊತ್ತಾಯಿತು. ಅಣ್ಣ ತನ್ನ ದಿಂಬನ್ನು ನನ್ನ ಕಡೆ ನೂಕಿದ.

ಆಸ್ಪತ್ರೆಗೆ ಫೋನು ಮಾಡಿ ಹೇಳಿದೆ. "ಮೇಡಂ, ಹಸಿ ಅಂದ್ರೆ?" ಎಂದರು ಸಿಸ್ಟರ್. ಹೇಳಿದೆ. "ಮೆಣಸಿನಕಾಯಿಗೆ ಮಾಡೋ ಥರಾನಾ?" ಎಂದರು. ಹೌದು ಎಂದೆ. ಅವರು ಫೋನನ್ನು ವೈದ್ಯರಿಗೆ ಕೊಟ್ಟರು. ವೈದ್ಯರು, ಪ್ರತಿದಿನ ಎಷ್ಟೆಷ್ಟು ಕಳೆದಿದ್ದೀರಿ ಎಂದು ಗೊತ್ತಾದರೆ ಒಳ್ಳೆಯದಿತ್ತು ಎಂದರು.

ಅದನ್ನು ಎಲ್ಲಿಯೂ ಬರೆದಿರಲಿಲ್ಲ. ಚಾಚಾ ಕಣ್ಣು ಮುಚ್ಚಿ, ಮೊದಲ ದಿನದಿಂದ ಹೇಳತೊಡಗಿದರು. "ಮೊದಲನೇ ದಿವಸ ಎಂಟು. ಎರಡನೇ ದಿವಸ ಹತ್ತು. ಮೂರಕ್ಕ ಮೋಡ ಇತ್ತು, ಬಣ್ಣ ಸರಿ ಕಾಣಲಿಲ್ಲ, ಹತ್ತ ಇಟ್ಟೆ." ಇಪ್ಪತ್ತಮೂರು ದಿನವನ್ನೂ ಹೇಳಿದರು. ನಾನು ಒಂದೊಂದನ್ನೂ ವೈನಿಯ ಅಂಕಿಗೆ ಕೂಡಿಸಿದೆ. ಇನ್ನೂರ ಎಂಬತ್ತೆಂಟು, ಇನ್ನೂರ ತೊಂಬತ್ತು, ಇನ್ನೂರ ತೊಂಬತ್ತೊಂದು. ಕೊನೆಯವರೆಗೂ ಹೀಗೆಯೇ. ನನ್ನ ಲಿವರು ಒಂದು ದಿನವೂ ರಜೆ ಹಾಕಿರಲಿಲ್ಲ.

ವೈದ್ಯರು ಆದರೂ ಬನ್ನಿ ಎಂದರು. ಕೂಡಿಸಿದ ಲೆಕ್ಕದ ಮೇಲೆ ಅವರು ನಿಲ್ಲುವಂತಿರಲಿಲ್ಲ. ಹೋದೆವು. ನಳಿಕೆಯಿಂದ ಔಷಧಿ ಬಿಟ್ಟು ತೆಗೆದ ಚಿತ್ರದಲ್ಲಿ ಎರಡು ತೆಳು ಕವಲುಗಳು ಬಂದು ಒಂದಾಗಿ, ಕೆಳಗೆ ಕರುಳಿಗೆ ಇಳಿದದ್ದು ಬಿಳಿಯಾಗಿ ಕಂಡಿತು. ಎರಡೆಲೆ ಬಿಟ್ಟ ಮೊಳಕೆಯ ಹಾಗಿತ್ತು. ಎರಡೂ ಕವಲು ಸೇರುವ ಜಾಗವನ್ನು ವೈದ್ಯರು ಪೆನ್ನಿನಿಂದ ಮುಟ್ಟಿ ತೋರಿಸಿದರು. ಸೋರಿಕೆ ಇಲ್ಲ, ಎಲ್ಲಿಯೂ ಕಿರಿದಾಗಿಲ್ಲ. ನಾನು ಆ ಜಾಗವನ್ನೇ ಬಹಳ ಹೊತ್ತು ನೋಡಿದೆ.

ಅಲ್ಲಿಯೇ ನಳಿಕೆಯ ಬಾಯಿ ಕಟ್ಟಿ ಕಳಿಸಿದರು. ಇನ್ನು ಪಿತ್ತ ಒಳಗಿನ ದಾರಿಯಲ್ಲೇ ಹೋಗಬೇಕು. ಚೀಲ ಖಾಲಿಯಾಯಿತು. ಚಾಚಾ ಎರಡು ಮೂರು ಬೆಳಿಗ್ಗೆ ಬಂದು, ಖಾಲಿ ಬಟ್ಟಲು ನೋಡಿ, ಚಹಾ ಕುಡಿದು ಹೋದರು. ಮೂರು ತಿಂಗಳು ತುಂಬಿದಾಗ ನಳಿಕೆಯನ್ನೂ ಎಳೆದು ತೆಗೆದರು. ಎರಡು ದಿನ ಅಲ್ಲೇ ಇರಿಸಿಕೊಂಡು ನೋಡಿ, ಊರಿಗೆ ಕಳಿಸಿದರು. ನನ್ನ ರಜೆ ಮುಗಿದು ನಾನು ಆಗಲೇ ಕೆಲಸಕ್ಕೆ ಹೋಗುತ್ತಿದ್ದೆ. ಆ ವಾರ ಮಾತ್ರ ಮತ್ತೆ ಬ್ಯಾಡಗಿಗೆ ಬಂದೆ.

ನಳಿಕೆ ಇದ್ದ ತೂತಿನಿಂದ ಕೆಲವು ದಿನ ಸ್ವಲ್ಪ ಸೋರಬಹುದು, ಹತ್ತಿಯ ಮೇಲೆ ಎಷ್ಟು ಬಂತು ನೋಡಿ ಹೇಳಿ ಎಂದಿದ್ದರು. ಬೆಳಿಗ್ಗೆ ಸಿಸ್ಟರಿನ ಫೋನು ಬಂದಿತು. ಅಣ್ಣ ಬ್ಯಾಂಡೇಜಿನ ಹತ್ತಿಯನ್ನು ಬೆಳಕಿಗೆ ಹಿಡಿದು, ಮುಂದೆ, ಹಿಂದೆ, ಅಂಚು ಎಲ್ಲ ನೋಡಿದ. ಚಾಚಾನಿಗೆ ಕೊಟ್ಟ. ಚಾಚಾ ನೋಡಿ, ತಿರುಗಿಸಿ, ತಲೆಯಾಡಿಸಿ ನನ್ನ ಕೈಗಿಟ್ಟರು. ಹತ್ತಿಯ ನಡುವೆ ಉಗುರಿನಗಲ ಬಣ್ಣವಿಲ್ಲದ ತೇವ ಇತ್ತು.

"ಎಷ್ಟಿದೆ ಸರ್?" ಎಂದರು ಸಿಸ್ಟರ್. ಆಮೇಲೆ ನಗುತ್ತ, "ಕಡಿತ ಎಷ್ಟು ಸರ್?"

"ಬರೇ ಹಸಿ ಐತ್ರಿ ಸಿಸ್ಟರ್" ಎಂದ ಅಣ್ಣ. "ಇವತ್ತ ಎಲ್ಲಾ ಕಡದಬಿಡ್ರಿ."

ನೋಟುಬುಕ್ಕು ನನ್ನ ಹತ್ತಿರ ಇತ್ತು. ನಮ್ಮ ಪ್ರಯೋಗಾಲಯದಲ್ಲಿ ಏನೂ ಇಲ್ಲದಿದ್ದಾಗ ಜಾಗವನ್ನು ಖಾಲಿ ಬಿಡುವುದಿಲ್ಲ. ಆ ದಿನದ ಎದುರು ಸೊನ್ನೆ ಬರೆದೆ.